ಹೊರಡುವ ಮೊದಲಿನ ತುಣುಕುಗಳು

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಹೆಂಡತಿ ಹೊರಟಳು. ಸೇತುವೆಯ ಉಳಿದ ಕಂಬಗಳು ಏಳುವವರೆಗೆ ಅವಳು ನದಿಯ ದಂಡೆಯ ಶೆಡ್ಡಿನಲ್ಲೇ ಇರಬೇಕು. ಎಂಜಿನಿಯರು ಎದುರಿಗಿಲ್ಲದೆ ಕಾಂಕ್ರೀಟು ಸುರಿಯುವ ಹಾಗಿಲ್ಲವಂತೆ. ಮಳೆ ಹಿಡಿಯುವ ಮೊದಲು ಬಂದುಬಿಡುತ್ತೇನೆ ಅಂದಳು. ಚಪ್ಪಲಿ ಮೆಟ್ಟುತ್ತ ಮೂರು ಮಾತು ಹೇಳಿದಳು. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ. ಬಚ್ಚಲ ನೆಲ ಒದ್ದೆ ಇರಬಾರದು. ಅಪ್ಪನ ಹತ್ತಿರ ಒಂದಿಷ್ಟು ಮಾತಾಡಿ. ಮೊದಲಿನ ಎರಡು ಆಗುವ ಕೆಲಸ.

ಈಗ ಮನೆಯಲ್ಲಿ ನಾನು ಮತ್ತು ಮಾವ. ಪಟ್ಟಣದ ಬಸ್ಸು ಓಡಿಸಿ ನಿವೃತ್ತರಾದವರು. ಚಳಿಗಾಲದಲ್ಲಿ 'ನಾಲ್ಕು ದಿನ ಇದ್ದು ಹೋಗ್ತೀನಿ' ಎಂದು ಒಂದು ಟ್ರಂಕಿನೊಂದಿಗೆ ಬಂದರು. ನನ್ನ ಓದುವ ಕೋಣೆ ಅವರ ಮಲಗುವ ಕೋಣೆಯಾಯಿತು. ನನ್ನ ಮೇಜು ಹೊರಗೆ ಬಂದು ಊಟದ ಮೇಜಿನ ಪಕ್ಕ, ಗೋಡೆಗೆ ಮುಖ ಮಾಡಿ ನಿಂತಿದೆ, ತಪ್ಪು ಮಾಡಿದ ಹುಡುಗನ ಹಾಗೆ.

ಅವರದು ಕೈ ನಡುಗುವ ಕಾಯಿಲೆ. ಆದರೆ ಕೈಗಿಂತ ಕಾಲಿನದೇ ಕಾಟ. ನಡೆಯಲು ಬರುವುದಿಲ್ಲ ಎಂದಲ್ಲ. ಹೊರಟರೆ ಚೆನ್ನಾಗಿಯೇ ನಡೆಯುತ್ತಾರೆ. ಹೊರಡುವುದೇ ಆಗುವುದಿಲ್ಲ. ಕೋಣೆಯ ಹೊಸ್ತಿಲ ತನಕ ಬಂದು ನಿಂತುಬಿಡುತ್ತಾರೆ. ಆಗ ಹಿಮ್ಮಡಿ ಮೇಲೇಳುತ್ತದೆ, ಬೆರಳುಗಳು ನೆಲ ಬಿಡದೆ ಪಟಪಟ ನಡುಗುತ್ತವೆ. ಅರ್ಧ ಹೆಜ್ಜೆ, ಕಾಲು ಹೆಜ್ಜೆ, ಮತ್ತೆ ಇದ್ದಲ್ಲಿಗೇ. ಒಳಗಿನ ಮನುಷ್ಯ ಹೊರಟಾಗಿದೆ, ಪಾದಕ್ಕೆ ಸುದ್ದಿ ಮುಟ್ಟಿಲ್ಲ. ಕೈ ಹಿಡಿದು ಎಳೆದರೆ ಮುಗ್ಗರಿಸುತ್ತಾರೆ. ಕಾಯಬೇಕು.

ಸಂಜೆ ಹೀಗೆ ಕಾಯುತ್ತ ನಿಂತಿದ್ದಾಗ ಅವರೇ ಅಂದರು: "ಅಳಿಯಂದ್ರೇ, ಮನೆಅಳಿಯ ಅನ್ನೋದು ಕೇಳಿದ್ದೆ. ಮನೆಮಾವ ಅನ್ನೋದು ನನ್ನಿಂದಲೇ ಶುರು."

ನಗಬೇಕಿತ್ತು ಎಂದು ಮಲಗುವಾಗ ಹೊಳೆಯಿತು.

ಮಾರ್ಚ್ ೭, ಶುಕ್ರವಾರ

ಚಹಾ ಕುಡಿಯುವಾಗ ಮಾವ ಕೇಳಿದರು: "ದಿನಾ ಹೋಗ್ತೀರಲ್ಲ, ಅಲ್ಲಿ ನಿಜವಾಗ್ಲೂ ಏನ್ ಮಾಡ್ತೀರಿ?" ಇಷ್ಟು ವರ್ಷದ ಅಳಿಯನಿಗೆ ಈಗ ಕೇಳಿದ ಪ್ರಶ್ನೆ. ಹೆಂಡತಿಯ ಮೂರನೆಯ ಮಾತು ನೆನಪಾಗಿ, ಹೇಳಲು ಹೊರಟೆ.

ಬ್ಯಾಕ್ಟೀರಿಯಾ ಎಂಬ ಜೀವಿಗೆ ಸಾವಿರಾರು ಜೀನುಗಳು. ಎಲ್ಲವನ್ನೂ ಎಲ್ಲ ಹೊತ್ತೂ ಓದುತ್ತ ಕೂತರೆ ಅದು ದಣಿದೇ ಸಾಯುತ್ತದೆ. ಯಾವುದನ್ನು ಯಾವಾಗ ಓದಲು ಶುರುಮಾಡಬೇಕು ಎಂಬುದರಲ್ಲೇ ಅದರ ಬಾಳ್ವೆ. ಓದುವುದಕ್ಕೆ ಒಂದು ಯಂತ್ರವಿದೆ. ಡಿಎನ್‌ಎ ದಾರದ ಮೇಲೆ ಜೀನಿಗೆ ಸ್ವಲ್ಪ ಮುಂಚೆ 'ಇಲ್ಲಿ ಕೂರು' ಎಂಬ ಗುರುತಿದೆ. ಯಂತ್ರ ಅಲ್ಲಿ ಬಂದು ಕೂರುತ್ತದೆ, ದಾರದ ಎರಡು ಎಳೆ ಬಿಡಿಸುತ್ತದೆ, ಒಂದೊಂದೇ ಅಕ್ಷರ ನಕಲು ಮಾಡುತ್ತ ಮುಂದಕ್ಕೆ ಹೊರಡುತ್ತದೆ. ಬೇಡದ ಹೊತ್ತಿನಲ್ಲಿ ಹೊರಡದಂತೆ ನೋಡಿಕೊಳ್ಳಲು ಕಾವಲಿನ ಪ್ರೋಟೀನುಗಳಿವೆ. ಅಂಥ ಒಬ್ಬ ಕಾವಲುಗಾರ ನನ್ನ ಪಾಲಿಗೆ ಬಂದಿದ್ದಾನೆ. ಅವನು ತಡೆಯುತ್ತಾನೆ ಎಂಬುದು ಗೊತ್ತು. ಹೇಗೆ ತಡೆಯುತ್ತಾನೆ ಎಂಬುದು ಗೊತ್ತಿಲ್ಲ.

ಮಾವ ಕಣ್ಣು ಮುಚ್ಚಿದ್ದರು. ನಿದ್ದೆ ಬಂತೆಂದು ನಿಲ್ಲಿಸಿದೆ.

"ಅಷ್ಟು ಸಣ್ಣ ಹುಳ. ಅದಕ್ಕೂ ಮೇಲೊಬ್ಬ ಡಿಪೋ ಮ್ಯಾನೇಜರ್ರಾ?"

"ಒಬ್ಬರಲ್ಲ, ಬಹಳ ಜನ."

"ಪಾಪ" ಅಂದರು.

ಲ್ಯಾಬಿನಲ್ಲಿ ಇವತ್ತೂ ಫಿಲ್ಮು ಖಾಲಿ. ನನ್ನ ವಿದ್ಯಾರ್ಥಿನಿಯ ಪಿಎಚ್‌ಡಿ ಇದರ ಮೇಲೆಯೇ ನಿಂತಿದೆ. ಅವಳಿಗೆ ನಾನು ಮನಸ್ಸಿನಲ್ಲಿ ಇಟ್ಟ ಹೆಸರು ಗಡಿಬಿಡಿ. ಪರೀಕ್ಷಾನಳಿಕೆಯಲ್ಲಿ ದಾರ, ಯಂತ್ರ, ಕಾವಲುಗಾರ ಮೂವರನ್ನೂ ಸೇರಿಸುತ್ತಾಳೆ. ಬಂದ ನಕಲನ್ನು ತೆಳ್ಳಗಿನ ಜೆಲ್ಲಿನ ಹಾಳೆಯಲ್ಲಿ ಹಾಕಿ ವಿದ್ಯುತ್ತು ಕೊಡುತ್ತಾಳೆ. ಗಿಡ್ಡ ತುಣುಕು ಬೇಗ ಕೆಳಗೋಡುತ್ತದೆ, ಉದ್ದದ್ದು ಮೇಲೆಯೇ ತಡವರಿಸುತ್ತದೆ. ಆಮೇಲೆ ಎಕ್ಸ್‌ರೇ ಫಿಲ್ಮಿಗೆ ಒತ್ತಿದರೆ, ನಕಲಿಗೆ ಸೇರಿಸಿದ ವಿಕಿರಣದಿಂದ, ತುಣುಕು ಇದ್ದಲ್ಲಿ ಕಪ್ಪು ಗೆರೆ. ಕಾವಲುಗಾರ ಇದ್ದರೆ ಮೇಲೆ, ಪೂರ್ತಿ ನಕಲು ಇರಬೇಕಾದಲ್ಲಿ, ಗೆರೆಯೇ ಇಲ್ಲ. ಅಂದರೆ ಅವನು ಗುರುತಿನ ಮೇಲೆ ತಾನೇ ಕಾಲು ಚಾಚಿಕೊಂಡು, ಯಂತ್ರವನ್ನು ಕೂರಲು ಬಿಡುತ್ತಿಲ್ಲ. ಇದು ನನ್ನ ಊಹೆ. ಇದನ್ನೇ ಅವಳು ಬರೆಯುತ್ತಿದ್ದಾಳೆ.

ಮಾರ್ಚ್ ೧೧, ಮಂಗಳವಾರ

ಹೊಸ್ತಿಲ ಮುಂದೆ ಎದ್ದು ಕಾಣುವ ಗೆರೆ ಎಳೆಯಿರಿ, ಕೆಲವರು ಅದನ್ನು ದಾಟುವ ನೆಪದಲ್ಲಿ ಹೆಜ್ಜೆ ಎತ್ತುತ್ತಾರೆ ಎಂದು ಮಾವನನ್ನು ನೋಡುವ ಡಾಕ್ಟರಮ್ಮ ಹೇಳಿದ್ದರು. ಲ್ಯಾಬಿನಿಂದ ಅಂಟುಪಟ್ಟಿ ತಂದು ಅಡ್ಡಡ್ಡ ಅಂಟಿಸಿದೆ. ಮಾವ ಅದರ ಮುಂದೆ ನಿಂತು ಓದುವವರ ಹಾಗೆ ನೋಡಿದರು. "ಸ್ಟಾಪು ಮಾಡಿಕೊಟ್ರಿ. ಇನ್ನು ಬಸ್ಸು ಬರ್ಬೇಕು." ಬಸ್ಸು ಬರಲಿಲ್ಲ. ಪಟ್ಟಿಯ ಹಿಂದೆ ಬೆರಳುಗಳು ಪಟಪಟ ನಡುಗಿದವು.

ಎರಡು ಸಲ ಲ್ಯಾಬಿಗೆ ತಡವಾಯಿತು. ಓದಲು ತಂದ ಪ್ರಬಂಧ ಬಿಚ್ಚಿಯೇ ಇಲ್ಲ. ಕೋಣೆಯೊಳಗಿಂದ ಇಡೀ ದಿನ ಪಾದ ನೆಲಕ್ಕೆ ಉಜ್ಜುವ ಸದ್ದು. ಗೋಡೆಗೆ ಮುಖ ಮಾಡಿ ಕೂತರೂ ಕೇಳುತ್ತದೆ. ಇದನ್ನು ಯಾರಿಗೂ ಹೇಳುವಂತಿಲ್ಲ, ಆದ್ದರಿಂದ ಇಲ್ಲಿ: ಅವರು ಇಲ್ಲಿರುವುದು ನನಗೆ ಆಗುತ್ತಿಲ್ಲ.

ಮಧ್ಯಾಹ್ನ ಭಾವಮೈದನಿಗೆ ಫೋನು ಮಾಡಿದೆ. ಹೆಂಡತಿಯ ತಮ್ಮ. ಅವನದು ಪುಟ್ಟ ಮನೆ, ಪುಟ್ಟ ಮಕ್ಕಳು; ಅಪ್ಪನನ್ನು ಇಟ್ಟುಕೊಳ್ಳಲು ಜಾಗವಿಲ್ಲ, ಆ ನಾಚಿಕೆಗೆ ಏನು ಹೇಳಿದರೂ ಓಡಾಡುತ್ತಾನೆ. ಒಂದು ಒಳ್ಳೆಯ ಆರೈಕೆ ಕೇಂದ್ರ ನೋಡು ಅಂದೆ.

"ನೋಡಿಟ್ಟಿದ್ದೀನಿ ಭಾವ. ನೀವು ಬಾಯಿ ಬಿಡ್ಲಿ ಅಂತ ಕಾಯ್ತಿದ್ದೆ. ಆದ್ರೆ ಅವರದ್ದೊಂದು ಕಟ್ಟುನಿಟ್ಟು. ಹಾಸಿಗೆಯಿಂದ ಊಟದ ಮೇಜಿನ ತನಕ ತಾವಾಗಿ ನಡೆದು ಬರೋರನ್ನ ತಗೊಳ್ಳಲ್ಲ. ಇರೋ ಹಾಸಿಗೆ ಕಮ್ಮಿ, ಕಾಯೋರು ಜಾಸ್ತಿ. ಅವರ ನರ್ಸು ಮನೆಗೇ ಬಂದು ನೋಡ್ತಾರೆ."

"ಹಾಗಾದರೆ ತೊಂದರೆಯಿಲ್ಲ" ಅಂದೆ.

ಮಾರ್ಚ್ ೧೭, ಸೋಮವಾರ

ವಿಶೇಷವೇನಿಲ್ಲ. ಬೆಳಿಗ್ಗೆ ಮಾವ ಹೊಸ್ತಿಲಲ್ಲಿ ಸಿಕ್ಕಿಕೊಂಡಿದ್ದರು. ಕಾದು ಬೇಸತ್ತು ಅಡುಗೆಮನೆಗೆ ಹೋಗಿ ಚಹಾ ಮಾಡಿದೆ. ನನಗೆ ಸಕ್ಕರೆ ಇಲ್ಲ, ಅವರಿಗೆ ಎರಡು ಚಮಚ. ಕಲಕಿ, ಚಮಚಕ್ಕೆ ಅಂಟಿದ ಹನಿ ಬೀಳಲೆಂದು ಲೋಟದ ಅಂಚಿಗೆ ಎರಡು ಸಲ ಬಡಿದೆ. ಇದು ನನ್ನ ಹಳೆಯ ಚಾಳಿ. ಹೆಂಡತಿಗೆ ಈ ಸದ್ದು ಆಗುವುದಿಲ್ಲ. ತಿರುಗಿ ನೋಡಿದರೆ ಮಾವ ಮೇಜಿನ ಹತ್ತಿರ ಕುರ್ಚಿ ಎಳೆಯುತ್ತಿದ್ದಾರೆ. ಅಷ್ಟು ಬೇಗ ಹೇಗೆ ಬಂದರು ಎಂದು ಕೇಳಲಿಲ್ಲ. ಕೇಳಿದರೆ ಮತ್ತೆ ನಿಂತುಹೋಗುವುದೇನೋ ಎಂಬ ಮೂಢನಂಬಿಕೆ.

ಮಾರ್ಚ್ ೨೧, ಶುಕ್ರವಾರ

ಮೂಢನಂಬಿಕೆಯಲ್ಲ. ಚಮಚದ ಸದ್ದಿಗೇ ಅವರು ಹೊರಡುವುದು. ಮೊನ್ನೆಯೂ ನಿನ್ನೆಯೂ ಗಮನಿಸಿದೆ. ಇವತ್ತು ಸರಿಯಾಗಿ ಪರೀಕ್ಷಿಸಿದೆ: ಕಲಕಿದೆ, ಬಡಿಯಲಿಲ್ಲ. ಅವರು ಹೊಸ್ತಿಲಲ್ಲೇ ಇದ್ದರು, ಬೆರಳುಗಳು ಒದ್ದಾಡುತ್ತಿದ್ದವು. ಒಂದು ಸಲ ಬಡಿದೆ. ಬೆರಳುಗಳೂ ನಿಂತವು. ಎರಡು ಸಲ ಬಡಿದೆ. ಬಲಗಾಲು ಎದ್ದು ಹೊಸ್ತಿಲು ದಾಟಿತು.

ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡಿದರು. "ಆಟ ಆಡಿಸ್ತಿದ್ದೀರಾ?"

ಸಿಕ್ಕಿಬಿದ್ದೆ. ಹೌದು ಅಂದೆ.

"ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು. ಬಸ್ಸಲ್ಲಿ ಅದೇ ಅಲ್ವಾ? ಹಿಂದೆ ಹತ್ತೋರು ಹತ್ತಿದ್ರಾ, ಮುದುಕಿ ಕಾಲು ಮೆಟ್ಟಿಲ ಮೇಲಿದೆಯಾ, ನನಗೆ ಹ್ಯಾಗೆ ಗೊತ್ತಾಗ್ಬೇಕು? ಕಂಡಕ್ಟರು ಹಗ್ಗ ಎಳೆದು ಟಿಣ್ ಟಿಣ್ ಅನ್ನಿಸ್ಬೇಕು. ನಾನಾಗಿ ಒಂದು ದಿನವೂ ಗಾಡಿ ಎತ್ತಿಲ್ಲ. ಒಮ್ಮೆ ಒಬ್ಬ ಹೊಸ ಕಂಡಕ್ಟರು ಜಗಳ ಆಡ್ತಾ ಬೆಲ್ಲು ಮರೆತ. ಸ್ಟಾಪಲ್ಲೇ ನಿಂತೆ. ಹಿಂದೆ ಸಾಲಾಗಿ ಹಾರನ್ನು, ಜನ ನನ್ನ ಅಪ್ಪ ಅಮ್ಮನ್ನೆಲ್ಲ ನೆನೆಸ್ಕೊಂಡ್ರು. ಎತ್ತಲಿಲ್ಲ."

"ಕಾಲಿಗೂ ಅದೇ ಕಾನೂನಾ?"

"ಎಡವಿದ ಕಾಲೇ ಎಡವೋದು ಅಂತಾರಲ್ಲ. ಹಾಗೆ, ಪಳಗಿದ ಕಾಲು ಪಳಗಿದ ಸದ್ದಿಗೇ ಏಳೋದು. ನನಗೇನು ಗೊತ್ತು ಅಳಿಯಂದ್ರೇ, ನೀವು ಓದಿದೋರು, ನೀವು ಹೇಳ್ಬೇಕು."

ನನಗೂ ಗೊತ್ತಿಲ್ಲ. ಡಾಕ್ಟರಮ್ಮನಿಗೆ ಫೋನು ಮಾಡಿ ಹೇಳಿದೆ. ಅವರು ನಕ್ಕು, "ಕೆಲವರಿಗೆ ಗೆರೆ, ಕೆಲವರಿಗೆ ತಾಳ. ಕೆಲಸ ಮಾಡಿದ್ರೆ ಬಡೀತಾ ಇರಿ" ಅಂದರು.

ಸ್ಟೀಲಿನ ಲೋಟಕ್ಕೆ ದಪ್ಪ ಚಮಚವೇ ಸರಿ. ಸಣ್ಣದರದ್ದು ಕೀರಲು ಸದ್ದು. ಲ್ಯಾಬಿನಿಂದ ಬರುವಾಗ ದಪ್ಪದ್ದೊಂದು ಕೊಂಡುಕೊಂಡೆ.

ಮಾರ್ಚ್ ೨೭, ಗುರುವಾರ

ಮಧ್ಯಾಹ್ನ ಜೆಲ್ಲು ಓಡುತ್ತಿತ್ತು. ಗುರುತಿಗೆಂದು ಹಾಕಿದ ಬಣ್ಣದ ಗೆರೆ ಕೆಳಗಿನ ಅಂಚು ದಾಟಿ ಹೊರಬಿದ್ದ ಮೇಲೂ ಒಂದಿಷ್ಟು ಹೊತ್ತು ಬಿಡುವುದು ನಮ್ಮ ಲ್ಯಾಬಿನ ಪದ್ಧತಿ. ಮೇಲಿನ ಉದ್ದದ ತುಣುಕುಗಳು ಬಿಡಿಬಿಡಿಯಾಗಿ ಕಾಣಲಿ ಎಂದು. ಕೆಳಗೆ ಬಿದ್ದುಹೋಗುವುದು ಕಸ.

ಅಷ್ಟರಲ್ಲಿ ಕೆಳಮನೆಯಾಕೆಯ ಫೋನು. "ನಿಮ್ಮ ಬಚ್ಚಲ ನೀರು ನಮ್ಮ ಗೋಡೇಲಿ ಇಳೀತಿದೆ. ಬಾಗಿಲು ತಟ್ಟಿದ್ರೆ ಯಾರೂ ತೆಗೀತಿಲ್ಲ. ಒಳಗೆ ಯಜಮಾನ್ರು 'ಇದ್ದೀನಿ, ಇದ್ದೀನಿ' ಅಂತಾರೆ, ಬರ್ತಾ ಇಲ್ಲ."

ಗಡಿಬಿಡಿಗೆ ಜೆಲ್ಲು ಆರಿಸಲು ಹೇಳಿ ಹೊರಟೆ. "ಸರ್, ಬಣ್ಣ ಇನ್ನೂ ಅರ್ಧದಲ್ಲಿದೆ, ನಾನು ನೋಡ್ಕೊಳ್ತೀನಿ" ಅಂದಳು. ಬೇಡ, ಆರಿಸು, ಫಿಲ್ಮಿಗೆ ಹಾಕು, ನಾಳೆ ಬೇರೆ ಮಾಡೋಣ ಅಂದೆ. ಯಾಕೆ ಹಾಗೆ ಅಂದೆನೋ. ಅವಳು ನೋಡಿಕೊಳ್ಳಬಹುದಿತ್ತು. ತಲೆಯಲ್ಲಿ ನೀರು ಮಾತ್ರ ಇತ್ತು.

ಮಾವ ಬಚ್ಚಲ ಹೊಸ್ತಿಲಲ್ಲಿ ನಿಂತಿದ್ದರು. ಬಕೆಟ್ಟಿಗೆ ನಲ್ಲಿ ಬಿಟ್ಟು ಟವೆಲ್ಲು ತರಲು ತಿರುಗಿದವರು ಅಲ್ಲೇ ಸಿಕ್ಕಿಕೊಂಡಿದ್ದಾರೆ. ನೀರು ಅವರ ಪಾದ ಬಳಸಿಕೊಂಡು ಹೊರಗೆ ಹರಿಯುತ್ತಿತ್ತು. ನೀರಿನೊಳಗೆ ಬೆರಳುಗಳು ನಡುಗುತ್ತ ಸಣ್ಣ ಸಣ್ಣ ಅಲೆ ಎಬ್ಬಿಸುತ್ತಿದ್ದವು. ಎಷ್ಟು ಹೊತ್ತಿನಿಂದಲೋ. ಚಮಚ ಹುಡುಕುವಷ್ಟು ವ್ಯವಧಾನವಿರಲಿಲ್ಲ. ಕೈಯಲ್ಲಿದ್ದ ಬೀಗದ ಕೈಯಿಂದ ಬಚ್ಚಲ ಕಬ್ಬಿಣದ ಚಿಲಕಕ್ಕೆ ಎರಡು ಸಲ ಬಡಿದೆ. ಬಂದರು. ಬಂದು ನನ್ನ ಭುಜ ಹಿಡಿದರು. ಮೈಯೆಲ್ಲ ತಣ್ಣಗಿತ್ತು.

"ಲೇಟು, ಕಂಡಕ್ಟರ್ರೇ" ಅಂದರು.

ನೆಲ ಒರೆಸಿದೆ. ಕೆಳಮನೆಗೆ ಹೋಗಿ ಗೋಡೆ ನೋಡಿ, ಬಣ್ಣ ಹೊಡೆಸಿಕೊಡುವುದಾಗಿ ಹೇಳಿ ಬಂದೆ. ಬಿಸಿನೀರಿನಲ್ಲಿ ಅವರ ಕಾಲು ಅದ್ದಿಸಿದೆ. ಅವರ ಪಾದವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಬಲಗಾಲಿನ ಹೆಬ್ಬೆರಳ ಕೆಳಗೆ, ಪೆಡಲು ಒತ್ತಿ ಒತ್ತಿ, ನಾಣ್ಯದಗಲ ಒರಟು ಚರ್ಮ.

ಮಾರ್ಚ್ ೨೯, ಶನಿವಾರ

ಬೆಳಿಗ್ಗೆ ಕತ್ತಲಕೋಣೆಯಿಂದ ಗಡಿಬಿಡಿ ಒದ್ದೆ ಫಿಲ್ಮು ಹಿಡಿದುಕೊಂಡೇ ಓಡಿಬಂದಳು. ಹನಿ ನೆಲದುದ್ದಕ್ಕೂ ತೊಟ್ಟಿಕ್ಕಿತ್ತು.

ಮೇಲೆ ಎಂದಿನಂತೆ ಖಾಲಿ. ಕೆಳಗೆ, ಯಾವಾಗಲೂ ಕಸವಾಗಿ ಬಿದ್ದುಹೋಗುತ್ತಿದ್ದ ಜಾಗದಲ್ಲಿ, ಏಣಿಯ ಮೆಟ್ಟಿಲುಗಳ ಹಾಗೆ ಕಪ್ಪು ಗೆರೆಗಳು. ಎರಡಕ್ಷರದ ತುಣುಕು, ಮೂರಕ್ಷರದ್ದು, ಐದಾರು ಅಕ್ಷರದ್ದು. ಅದರಾಚೆಗೆ ಇಲ್ಲ.

ಬಹಳ ಹೊತ್ತು ನೋಡಿದೆವು. ಯಂತ್ರ ಕೂತಿದೆ. ಮೊದಲಿನಿಂದಲೂ ಕೂತೇ ಇತ್ತು. ಎಳೆ ಬಿಡಿಸಿದೆ, ನಾಲ್ಕಕ್ಷರ ಬರೆದಿದೆ, ಮುಂದಕ್ಕೆ ಹೋಗಲಾಗದೆ ಅದನ್ನು ಉದುರಿಸಿದೆ, ಮತ್ತೆ ಮೊದಲಿನಿಂದ ಬರೆದಿದೆ, ಮತ್ತೆ ಉದುರಿಸಿದೆ. ಸಾಮಾನ್ಯವಾಗಿ ಎಲ್ಲ ಯಂತ್ರವೂ ಹೊರಡುವ ಮೊದಲು ಹೀಗೆ ನಾಲ್ಕಾರು ತುಣುಕು ಚೆಲ್ಲುತ್ತದೆ. ಇದು ಚೆಲ್ಲುವುದನ್ನೇ ಮಾಡುತ್ತಿದೆ. ಕಾವಲುಗಾರ ಕೂರುವುದನ್ನು ತಡೆಯುತ್ತಿಲ್ಲ. ಕೂತವನ ಅಂಗಿ ಹಿಂದಿನಿಂದ ಹಿಡಿದಿದ್ದಾನೆ.

"ಇಷ್ಟು ದಿನ ಕಸ ಅಂತ ಇದನ್ನೇ ಚೆಲ್ತಾ ಇದ್ವಲ್ಲ ಸರ್."

"ಹೌದು."

"ಅರ್ಧಕ್ಕೇ ಆರಿಸಿದ್ದಕ್ಕೆ ಸಿಕ್ತು. ನಿಮ್ಮ ಮಾವನೋರಿಗೆ ನಾನು ಥ್ಯಾಂಕ್ಸ್ ಹೇಳ್ಬೇಕು. ಪ್ರಬಂಧದ ಕೊನೇಲಿ ಅವರ ಹೆಸರು ಹಾಕ್ತೀನಿ."

ಸಂಜೆ ಮಾವನಿಗೆ ಹೇಳಿದೆ. ಅವರು ಗಂಭೀರವಾಗಿ ಯೋಚಿಸಿ, "ನನ್ನ ಹೆಸರು ಹಾಕಿದ್ರೆ ಪಾಸು ಮಾಡ್ತಾರಾ ಆ ಹುಡುಗೀನ? ಡ್ರೈವಿಂಗ್ ಲೈಸೆನ್ಸು ಒಂದು ಬಿಟ್ರೆ ನಾನು ಯಾವುದರಲ್ಲೂ ಪಾಸಾದೋನಲ್ಲ" ಅಂದರು. ನಕ್ಕೆ. ಹೊತ್ತಿಗೆ ಸರಿಯಾಗಿಯೇ ನಕ್ಕೆ.

ಏಪ್ರಿಲ್ ೨, ಬುಧವಾರ

ಪಕ್ಕಾ ಮಾಡಿಕೊಳ್ಳಲು 'ಇಲ್ಲಿ ಕೂರು' ಎಂಬ ಗುರುತನ್ನೇ ಕತ್ತರಿಸಿ ತೆಗೆದ ದಾರದಲ್ಲೂ ಮಾಡಿ ನೋಡು ಎಂದಿದ್ದೆ. ಫಿಲ್ಮು ಇವತ್ತು ಬಂತು. ಮೇಲೆ ಖಾಲಿ, ಕೆಳಗೂ ಖಾಲಿ. ಒಂದು ಚುಕ್ಕೆಯಿಲ್ಲ. ಯಂತ್ರ ಅಲ್ಲಿ ಪ್ರಯತ್ನವನ್ನೇ ಮಾಡಿಲ್ಲ.

ಹೊರಡದೆ ಇರುವುದರಲ್ಲಿ ಎರಡು ಬಗೆ: ಹೊರಡಲು ಒದ್ದಾಡಿಯೂ ಆಗದ್ದು, ಹೊರಡಲು ನೋಡದೆಯೇ ಇದ್ದದ್ದು. ಮೇಲೆ ನೋಡಿದರೆ ಎರಡೂ ಒಂದೇ. ಕೆಳಗೆ ನೋಡಬೇಕು. ಗಡಿಬಿಡಿಗೆ ಈ ಅಧ್ಯಾಯವನ್ನು ಇಲ್ಲಿಂದಲೇ ಶುರುಮಾಡು ಅಂದೆ.

ಏಪ್ರಿಲ್ ೩, ಗುರುವಾರ

ಭಾವಮೈದನ ಫೋನು. ಒಂದು ಹಾಸಿಗೆ ಖಾಲಿಯಾಗಿದೆ. ಮುಂದಿನ ಬುಧವಾರ ನರ್ಸು ಬಂದು ನೋಡುತ್ತಾರೆ. ನಡೆಯಲಾಗದು ಎಂದು ಅವರಿಗೆ ಅನ್ನಿಸಿದರೆ ಅದೇ ವಾರ ಸೇರಿಸಿಕೊಳ್ಳುತ್ತಾರೆ. "ನಿಮ್ಮ ಪುಣ್ಯ ಭಾವ" ಅಂದ. ನಾನು ಧ್ವನಿ ತಗ್ಗಿಸಿಯೇ ಮಾತಾಡಿದೆ, ಮೇಜಿನ ಗೋಡೆಗೆ.

ಫೋನು ಇಟ್ಟು ತಿರುಗಿದರೆ ಮಾವ ಹೊಸ್ತಿಲಲ್ಲಿದ್ದಾರೆ. "ಬುಧವಾರ ಬರ್ತಾರಂತಲ್ಲ."

ನಿಮಗೆ ಕೇಳಿಸಿತೇ ಎಂದೆ.

"ಹೋಗಿರೋದು ಕಾಲು ಅಳಿಯಂದ್ರೇ, ಕಿವಿ ಅಲ್ಲ. ನೀವು ಮುಖ ಸಣ್ಣಗೆ ಮಾಡ್ಕೋಬೇಡಿ. ಹೋಗೋದೇ ಸರಿ. ಕೋಣೆ ನಿಮ್ದು, ಓದೋರು ನೀವು. ಗೋಡೆ ನೋಡ್ಕೊಂಡು ಕೂತಿರ್ತೀರಿ, ನನಗೇ ಕತ್ತು ನೋಯುತ್ತೆ. ಮಗ ಕೇಳಿದ್ರೆ ನಾನೇ ಹೋಗ್ತೀನಿ ಅಂದೆ ಅಂತ ಹೇಳ್ತೀನಿ. ಮಗಳಿಗೂ."

ಮತ್ತೆ ಕೇಳಿದರು: "ನಡೆಯೋರನ್ನ ತಗೊಳ್ಳೋದಿಲ್ಲ ಅಲ್ವಾ?"

"ಇಲ್ಲ."

"ಸರಿ" ಅಂದರು. ಆಮೇಲೆ ಚಹಾ ಕೇಳಿದರು.

ಮಾತು ಸುಲಭವಾಗಿ ಮುಗಿಯಿತು. ಇಷ್ಟು ಸುಲಭವಾಗುತ್ತದೆ ಎಂದುಕೊಂಡಿರಲಿಲ್ಲ.

ಏಪ್ರಿಲ್ ೫, ಶನಿವಾರ

ಹೆಂಡತಿಯ ಫೋನು. ತಮ್ಮ ಎಲ್ಲ ಹೇಳಿದ್ದಾನೆ. ಹಿಂದೆ ಯಂತ್ರಗಳ ಗದ್ದಲ, ಅರ್ಧ ಮಾತು ಗಾಳಿಗೆ.

"ನಿಮಗೆ ಕಷ್ಟ ಆಗ್ತಿದ್ರೆ ನಾನು ಇದನ್ನ ಬಿಟ್ಟು ಬರ್ತೀನಿ."

"ಬೇಡ. ಅಲ್ಲಿ ಡಾಕ್ಟರು ಇರ್ತಾರೆ, ನೆಲಕ್ಕೆ ಜಾರದ ಹಾಸು ಹಾಕಿದ್ದಾರೆ, ಕೈಗೆ ಆಧಾರಕ್ಕೆ ಗೋಡೆಯುದ್ದಕ್ಕೂ ಸರಳು ಇದೆಯಂತೆ."

"ಅದನ್ನೆಲ್ಲ ತಮ್ಮ ಹೇಳಿದ. ನಾನು ಕೇಳ್ತಿರೋದು ನಿಮ್ಮನ್ನ. ನಿಮಗೆ ಏನನ್ಸುತ್ತೆ?"

ಒಂದು ವಾಕ್ಯ ಶುರುಮಾಡಿದೆ. ಅದು ಸರಿಯಿಲ್ಲವೆನ್ನಿಸಿ ಇನ್ನೊಂದು. ಅಷ್ಟರಲ್ಲಿ ಸಂಪರ್ಕ ಕಡಿಯಿತು. ತಿರುಗಿ ಮಾಡಲಿಲ್ಲ. ಅವಳಿಗೂ ಸಿಗುತ್ತಿರಲಿಲ್ಲ, ಬಹುಶಃ.

ಅಲ್ಲಿ ಚಮಚ ಯಾರು ಬಡಿಯುತ್ತಾರೆ ಎಂಬುದನ್ನು ಕೇಂದ್ರದವರಿಗೆ ಕೇಳಿಡಬೇಕು. ಬರೆದು ಕೊಟ್ಟರೆ ಪಾಲಿಸುತ್ತಾರೋ ಏನೋ. ಒಬ್ಬೊಬ್ಬ ರೋಗಿಗೆ ಒಂದೊಂದು ಚಮಚ ಎಂದರೆ ಅವರಾದರೂ ಏನು ಮಾಡಿಯಾರು. ಗಾಲಿಕುರ್ಚಿ ಕೊಡುತ್ತಾರಂತೆ. ಒಳ್ಳೆಯದೇ.

ಏಪ್ರಿಲ್ ೭, ಸೋಮವಾರ

ಲ್ಯಾಬಿಗೆ ಹೋಗಲಿಲ್ಲ. ಕಾರಣವೇನಿಲ್ಲ.

ಬಾಲ್ಕನಿಯಲ್ಲಿ ಎರಡು ಕುರ್ಚಿ ಹಾಕಿ ಕೂತೆವು. ಕೆಳಗೆ ರಸ್ತೆಯ ತಿರುವು. ಮಾವ ಬರುವ ಬಸ್ಸುಗಳಿಗೆಲ್ಲ ಅಂಕ ಕೊಟ್ಟರು. "ಇವನು ಬ್ರೇಕನ್ನ ಹಾವು ತುಳಿದ ಹಾಗೆ ತುಳೀತಾನೆ. ಇವನು ಪರವಾಗಿಲ್ಲ. ಇವನಿಗೆ ಮನೇಲಿ ಜಗಳ ಆಗಿದೆ, ಗೇರು ನೋಡಿ." ಒಬ್ಬನಿಗೆ ಮಾತ್ರ ಪೂರ್ತಿ ಅಂಕ. ನನಗೆ ವ್ಯತ್ಯಾಸವೇ ಕಾಣಲಿಲ್ಲ. "ಅದೇ ಮತ್ತೆ. ನಿಂತಿದ್ದು ಹೊರಟಿದ್ದು ಗೊತ್ತಾಗ್ಬಾರ್ದು."

ಈಗಿನ ಬಸ್ಸುಗಳಲ್ಲಿ ಕಂಡಕ್ಟರಿಲ್ಲ, ಡ್ರೈವರೇ ಎಲ್ಲ ನೋಡಿಕೊಳ್ಳುತ್ತಾನೆ ಎಂದೆ.

"ನನಗೆ ಆಗ್ತಿರ್ಲಿಲ್ಲ ಬಿಡಿ. ಬೆನ್ನ ಹಿಂದೆ ಒಬ್ಬ ಇದ್ದಾನೆ ಅಂತ ಧೈರ್ಯ. ಮುಖ ಕೂಡ ನೋಡ್ತಿರ್ಲಿಲ್ಲ ಎಷ್ಟೋ ದಿನ. ಟಿಣ್ ಟಿಣ್ ಅಂದ್ರೆ, ಸರಿ, ಇದ್ದಾನೆ."

ಆಮೇಲೆ ಇಬ್ಬರೂ ಸುಮ್ಮನೆ ಕೂತಿದ್ದೆವು. ಮಾತಾಡಬೇಕು ಎಂಬುದು ನೆನಪಾಗಲಿಲ್ಲ.

ಏಪ್ರಿಲ್ ೯, ಬುಧವಾರ

ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದಿಡುತ್ತೇನೆ.

ಬೆಳಿಗ್ಗೆ ಭಾವಮೈದ ಕೇಂದ್ರದ ನರ್ಸಮ್ಮನನ್ನು ಕರೆದುಕೊಂಡು ಬಂದ. ಸದ್ದಿಲ್ಲದ ಬೂಟು, ಚುರುಕು ಕಣ್ಣು, ಒಳ್ಳೆಯ ಮಾತು. ಚಹಾಕ್ಕೆಂದು ಸ್ಟೀಲಿನ ಲೋಟಗಳನ್ನು ಮೇಜಿನ ಮೇಲೆ ಮೊದಲೇ ಜೋಡಿಸಿದ್ದೆ. "ಈಗಷ್ಟೇ ಕುಡಿದು ಬಂದೆ, ಬೇಡ" ಅಂದರು. ಹಾಗಾಗಿ ಒಲೆ ಹಚ್ಚಲಿಲ್ಲ.

ಮಾವ ಕೋಣೆಯಲ್ಲಿ ಹಾಸಿಗೆಯ ಅಂಚಿಗೆ ಕೂತಿದ್ದರು. ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿ, ಕೊರಳ ಗುಂಡಿಯನ್ನೂ ಹಾಕಿಕೊಂಡಿದ್ದರು. ಟ್ರಂಕಿಗೆ ಹಗ್ಗ ಬಿಗಿದು ಪಕ್ಕದಲ್ಲಿ ನಿಲ್ಲಿಸಿದ್ದರು. ನಡುಗುವ ಕೈಯಿಂದ ಆ ಗಂಟು ಯಾವಾಗ ಹಾಕಿದರೋ ನನಗೆ ತಿಳಿಯದು.

"ಅಜ್ಜ, ನಿಧಾನಕ್ಕೆ ಎದ್ದು ಈ ಮೇಜಿನ ತನಕ ಬನ್ನಿ, ನೋಡೋಣ. ನೀವ್ಯಾರೂ ಹಿಡ್ಕೋಬೇಡಿ."

ಎದ್ದರು. ಹೊಸ್ತಿಲ ತನಕ ಬಂದರು. ನನ್ನ ಅಂಟುಪಟ್ಟಿಯ ಹಿಂದೆ ನಿಂತರು.

ನರ್ಸಮ್ಮ ಮೇಜಿನ ಹತ್ತಿರ ಕುರ್ಚಿಯಲ್ಲಿ ಕೂತು ಕಾದರು. ಭಾವಮೈದ ನನ್ನ ಕಿವಿಯ ಹತ್ತಿರ ಬಂದು, "ಇದೇ ಭಾವ, ಇದೇ. ನೋಡ್ಲಿ" ಅಂದ.

ನಾನು ಕೆಳಗೆ ನೋಡಿದೆ. ಎರಡೂ ಪಾದ ನೆಲದ ಮೇಲೆ ಅಗಲವಾಗಿ ಊರಿದ್ದವು. ಹಿಮ್ಮಡಿ ಎದ್ದಿರಲಿಲ್ಲ. ಬೆರಳುಗಳು ತಣ್ಣಗೆ, ಒಂದರ ಪಕ್ಕ ಒಂದು, ಇಟ್ಟ ಹಾಗೆ ಇದ್ದವು. ಇಷ್ಟು ವಾರಗಳಲ್ಲಿ ಆ ಹೊಸ್ತಿಲಲ್ಲಿ ಆ ಪಾದಗಳನ್ನು ಹಾಗೆ ನೋಡಿರಲಿಲ್ಲ. ಕೆಳಗೆ ಒಂದು ಚುಕ್ಕೆಯಿಲ್ಲ.

ಮೇಲೆ ನೋಡಿದೆ. ಅವರು ನನ್ನ ತಲೆಯ ಮೇಲಿನ ಗೋಡೆ ನೋಡುತ್ತಿದ್ದರು. ಎಂಜಿನ್ನು ಆರಿಸಿ, ಕೈ ತೊಡೆಯ ಮೇಲಿಟ್ಟು, ಪಾಳಿ ಮುಗಿಯಿತೆಂದು ಕೂತವರ ಮುಖ.

"ಗೊತ್ತಾಯ್ತು ಬಿಡಿ ಅಜ್ಜ, ಸುಮ್ನೆ ದಣಿಬೇಡಿ" ಎಂದು ನರ್ಸಮ್ಮ ಏಳಲು ಹೊರಟರು.

ಆ ಹೊತ್ತಿಗೆ ದಪ್ಪ ಚಮಚ ನನ್ನ ಕೈಯಲ್ಲಿತ್ತು. ಅದನ್ನು ಎದುರಿಗಿದ್ದ ಲೋಟದಲ್ಲಿಟ್ಟು ಕಲಕಿದೆ. ಅಂಚಿಗೆ ಎರಡು ಸಲ ಬಡಿದೆ.

ಮಾವನ ಕಣ್ಣು ಗೋಡೆಯಿಂದ ಇಳಿದು ನನ್ನ ಮೇಲೆ ಬಂತು. ಅಲ್ಲೇ ನಿಂತಿತು. ಇನ್ನೊಮ್ಮೆ ಬಡಿಯಬೇಕೇನೋ ಅಂದುಕೊಳ್ಳುವಷ್ಟರಲ್ಲಿ ಬಲಗಾಲು ಎದ್ದಿತು, ಪಟ್ಟಿ ದಾಟಿತು, ಹೊಸ್ತಿಲು ದಾಟಿತು. ಅವರು ಮೇಜಿನ ತನಕ ನಡೆದು ಬಂದು, ಕುರ್ಚಿ ಎಳೆದು, ನರ್ಸಮ್ಮನ ಎದುರಿಗೆ ಕೂತರು. ನಿಂತಿದ್ದು ಹೊರಟಿದ್ದು ಗೊತ್ತಾಗಲಿಲ್ಲ.

"ಅಯ್ಯೋ, ಚೆನ್ನಾಗೇ ನಡೀತಾರಲ್ಲ!" ನರ್ಸಮ್ಮನಿಗೆ ನಿಜವಾಗಿಯೂ ಸಂತೋಷವಾಗಿತ್ತು. "ತಪ್ಪು ತಿಳ್ಕೋಬೇಡಿ, ಎದ್ದು ಕೂರೋಕೂ ಆಗದೋರು ಕಾಯ್ತಿದ್ದಾರೆ. ಇವರಿಗೆ ಮನೆಯೇ ವಾಸಿ."

ಭಾವಮೈದ ಮೆಟ್ಟಿಲಿಳಿಯುವಾಗ ತಲೆ ಚಚ್ಚಿಕೊಂಡ. "ಏನ್ ಭಾವ ಇದು! ಅಪ್ಪನಿಗೆ ಇವತ್ತೇ ಕಾಲು ಬರ್ಬೇಕಿತ್ತಾ? ಇನ್ನೊಂದು ಹಾಸಿಗೆ ಎಂದಿಗೋ ಏನೋ. ನಿಮ್ಮ ಗತಿ?"

"ಒಂದೊಂದು ದಿನ ಹಾಗೆ" ಅಂದೆ.

ಮೇಲೆ ಬಂದಾಗ ಮಾವ ಲೋಟವನ್ನು ಬಾಗಿಸಿ ಒಳಗೆ ನೋಡುತ್ತಿದ್ದರು. ಕೊರಳ ಗುಂಡಿ ಬಿಚ್ಚಿಕೊಂಡಿದ್ದರು.

"ಕಂಡಕ್ಟರ್ರೇ, ಇದರಲ್ಲಿ ಏನೂ ಇಲ್ವಲ್ಲ."

"ಇಲ್ಲ."

"ಮತ್ತೆ ಏನ್ ಕಲಕಿದ್ರಿ?"

ಒಲೆ ಹಚ್ಚಿದೆ. ಚಹಾ ಮಾಡಿ ಅವರ ಲೋಟಕ್ಕೆ ಬಗ್ಗಿಸಿದೆ, ಎರಡು ಚಮಚ ಸಕ್ಕರೆ ಹಾಕಿ ಕಲಕಿದೆ. ಚಮಚ ತೆಗೆಯುವಾಗ ಅಂಚಿಗೆ ಒಂದೇ ಸಲ ಬಡಿದೆ.